ಕಟ್ಟೋಕಲ್ಲದ ಕಟ್ಟಡಕ್ಕಾಗಿ ಕೆಜಿಎಫ್ ಸುತ್ತಿದ ಸೆಮಿಸ್ಟರ್

ಮ್ಯಾಗಜೀನ್ ಕಮಿಟಿ ಹುಡುಗರು ಕಾಲೇಜಿನ ನೆನಪು ಏನಾದ್ರೂ ಬರ್ದು ಕೊಡಿ ಸರ್ ಅಂದಾಗ ನಾನು ಯೋಚನೆ ಮಾಡೋಕೇ ಹೋಗಲಿಲ್ಲ, ನಾಲ್ಕನೇ ವರ್ಷದ ಡಿಸೈನ್ ಸ್ಟುಡಿಯೊ ಬಗ್ಗೆನೇ ಬರೀತೀನಿ ಅಂದೆ, ಯಾಕಂದ್ರೆ ಐದು ವರ್ಷದ ಬಿ.ಆರ್ಕ್‌ನಲ್ಲಿ (ಆರ್ಕಿಟೆಕ್ಚರ್ ಡಿಗ್ರಿ) ನನ್ನ ಕೆಲಸಕ್ಕೆ ಇವತ್ತಿಗೂ ಜಾಸ್ತಿ ಉಪಯೋಗಕ್ಕೆ ಬರ್ತಿರೋದು ಯಾವತ್ತೂ ಕಟ್ಟೋದಿಲ್ಲ ಅಂತ ಗೊತ್ತಿದ್ದೇ ಮಾಡಿದ ಆ ಒಂದು ಪ್ರಾಜೆಕ್ಟು.

ಅಲ್ಲೀವರೆಗೆ ನಮಗೆ ಬ್ರೀಫ್, ಅಂದ್ರೆ ಏನು ಡಿಸೈನ್ ಮಾಡ್ಬೇಕು ಅಂತ ಕೊಡೋ ಪ್ರಶ್ನೆ, ಅಂದ್ರೆ ಹಾಸ್ಟೆಲ್ಲು, ಹೆಲ್ತ್ ಸೆಂಟರ್ರು, ಆಫೀಸ್ ಕಾಂಪ್ಲೆಕ್ಸು. ಇಷ್ಟು ಚದರ ಮೀಟರ್, ಇಷ್ಟು ಪಾರ್ಕಿಂಗ್, ಸುತ್ತ ಬಿಡೋ ಸೆಟ್‌ಬ್ಯಾಕ್ ಇಷ್ಟು, ಸೈಟಿನ ಅಳತೆಗೆ ಎಷ್ಟು ಕಟ್ಟಬಹುದು ಅನ್ನೋ ಎಫ್‌ಎಆರ್ ಇಷ್ಟು. ಆ ಸಲ ಮೇಡಂ ಬೋರ್ಡ್ ಮೇಲೆ ಬರೆದಿದ್ದು "ಕೆಜಿಎಫ್, ಮುಂದಿನ ನೂರು ವರ್ಷ" ಅಂತ ಅಷ್ಟೇ. ಕ್ಲೈಂಟ್ ಇಲ್ಲ, ಏರಿಯಾ ಸ್ಟೇಟ್‌ಮೆಂಟ್ ಇಲ್ಲ. ಒಂದೇ ಒಂದು ಷರತ್ತು ಹಾಕಿದ್ರು: ಏನು ಬೇಕಾದ್ರೂ ಕಲ್ಪಿಸ್ಕೊಳ್ಳಿ, ಆದ್ರೆ ಅದು ನಿಂತಿರೋ ನೆಲದ ಬಗ್ಗೆ ಒಂದೇ ಒಂದು ಸುಳ್ಳೂ ಇರಬಾರದು.

ಕೆಜಿಎಫ್ ಅಂದ್ರೆ ಕೋಲಾರದ ಚಿನ್ನದ ಗಣಿ ಊರು, ಆಗ ಅಲ್ಲಿ ಮೈನ್ ಮುಚ್ಚಿ ಇನ್ನೂ ಕೆಲವೇ ವರ್ಷ ಆಗಿತ್ತು. 2001ರ ಫೆಬ್ರವರಿ 28ಕ್ಕೆ ಕೆಲಸ ನಿಂತಿದ್ದು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದಾಗಿನಿಂದ ಲೆಕ್ಕ ಹಾಕಿದ್ರೆ ನೂರಿಪ್ಪತ್ತು ವರ್ಷ, ತೆಗೆದ ಚಿನ್ನ 800 ಟನ್‌ಗೂ ಹೆಚ್ಚು. ಆ ಚಿನ್ನಕ್ಕೋಸ್ಕರನೇ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ಕರೆಂಟ್ ಲೈನ್ ಎಳೆದು ತಂದ್ರು, ಬೆಂಗಳೂರು ಸಿಟಿಗೆ ಕರೆಂಟ್ ಬಂದಿದ್ದೇ ಅದಾದ ಮೇಲೆ, ಅಂದ್ರೆ ನಮ್ಮ ರಾಜಧಾನಿ ಬೀದಿದೀಪದ ಕಥೆ ಶುರುವಾಗೋದೇ ಈ ಗಣಿಯಿಂದ. ಇದನ್ನೆಲ್ಲಾ ಲೈಬ್ರರಿಯಲ್ಲಿ ಓದ್ಕೊಂಡು ಆಮೇಲೆ ಬಂಗಾರಪೇಟೆ ಕಡೆ ಟ್ರೇನ್ ಹತ್ತಿದ್ವಿ.

ಬಂಗಾರಪೇಟೆ ಬಿಟ್ಟ ಮೇಲೆ ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ, ಅಲ್ಲಿಗೆ ಹಳಿ ಮುಗೀತು. ಬೆಳಗ್ಗೆ ಕತ್ತಲಿರುವಾಗಲೇ ಇದೇ ಟ್ರೇನ್ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರೋ ಸಾವಿರಾರು ಜನ ಇದ್ದಾರೆ, ಗಣಿ ನಿಂತ ಮೇಲೆ ಆ ಊರು ಬದುಕಿರೋದೇ ಈ ಹಳಿ ಮೇಲೆ. ನಮ್ಮ ಕ್ಲಾಸ್‌ನ ಒಬ್ಬಳು ಇದನ್ನೇ ಹಿಡಿದಳು. ಇಂಗ್ಲೆಂಡಿನಲ್ಲಿ ಪಿಂಗಾಣಿ ಕಾರ್ಖಾನೆಗಳು ಸೊರಗಿಹೋಗ್ತಿದ್ದ ಸ್ಟಾಫರ್ಡ್‌ಶೈರ್‌ಗೆ ಸೆಡ್ರಿಕ್ ಪ್ರೈಸ್ ಅನ್ನೋ ಆರ್ಕಿಟೆಕ್ಟ್ 1960ರ ದಶಕದಲ್ಲಿ ಪಾಟರೀಸ್ ಥಿಂಕ್‌ಬೆಲ್ಟ್ ಅಂತ ಒಂದು ಪ್ರಾಜೆಕ್ಟ್ ಮಾಡಿದ್ದ, ಹಳೇ ರೈಲು ಹಳಿಗಳ ಮೇಲೆ ಓಡಾಡೋ 20,000 ವಿದ್ಯಾರ್ಥಿಗಳ ಯೂನಿವರ್ಸಿಟಿ, ಕ್ಲಾಸ್‌ರೂಮ್ ಕೂಡ ಬೋಗಿನಲ್ಲೇ. ಅದು ಕಟ್ಟಲೇ ಇಲ್ಲ, ಆದ್ರೂ ಇಷ್ಟು ವರ್ಷ ಆದ್ಮೇಲೆ ನಮ್ಮ ಸ್ಟುಡಿಯೊವರೆಗೂ ಬಂತು. ಮೇಡಂ ಸ್ಲೈಡ್ ಹಾಕಿದ ತಕ್ಷಣ ಅವಳಿಗೆ ಮಾರಿಕುಪ್ಪಂ ಟ್ರೇನೇ ಕಂಡಿತಂತೆ. ದಿನಕ್ಕೆ ಗಂಟೆಗಟ್ಟಲೆ ಟ್ರೇನ್‌ನಲ್ಲೇ ಕಳೆಯೋ ಜನಕ್ಕೆ ಆ ಟ್ರೇನೇ ಪಾಲಿಟೆಕ್ನಿಕ್ ಆದ್ರೆ ಹೇಗೆ ಅಂತ ಬೋಗಿ ಬೋಗಿನೂ ಬಿಡಿಸಿದಳು. ಟೈಂಟೇಬಲ್ಲೇ ಅವಳ ಪ್ಲಾನ್ ಆಗಿತ್ತು. ನಾನು ನೋಡಿದ ಸ್ಟೂಡೆಂಟ್ ಕೆಲಸದಲ್ಲಿ ಅದಕ್ಕಿಂತ ಒಳ್ಳೇದು ಈವರೆಗೆ ನೋಡಿಲ್ಲ ಅಂತ ಧೈರ್ಯವಾಗಿ ಹೇಳ್ತೀನಿ.

ಇನ್ನೊಬ್ಬ ಸೈನೈಡ್ ಗುಡ್ಡಗಳನ್ನ ತಗೊಂಡ. ಅದಿರನ್ನ ಪುಡಿ ಮಾಡಿ ಸೈನೈಡ್ ನೀರಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿಯೋ ನುಣ್ಣನೆ ಹುಡಿ ಇದೆಯಲ್ಲ, ಅದನ್ನ ಒಂದು ಶತಮಾನ ತಂದು ಸುರಿದ್ರೆ ಏನಾಗುತ್ತೆ ಅನ್ನೋದನ್ನ ಕಣ್ಣಾರೆ ನೋಡ್ಬೇಕು, ಕೋಟಿಗಟ್ಟಲೆ ಟನ್, ಊರ ಮಧ್ಯದಲ್ಲೇ ಬೆಟ್ಟದ ಸಾಲು. ಗಾಳಿ ಜೋರಾದ್ರೆ ಹುಡಿ ಎದ್ದು ಗಣಿ ಕಾರ್ಮಿಕರ ಸಾಲುಮನೆಗಳು, ಅಂದ್ರೆ ಲೈನ್ ಮನೆಗಳ ಒಳಗೆ, ಅಡುಗೆ ಪಾತ್ರೆವರೆಗೂ ಬರುತ್ತೆ, ಮಳೆ ಬಂದ್ರೆ ಕೊರಕಲು ಬಿದ್ದು ಕೆಳಗಿನ ಹೊಲಕ್ಕೆ ಹರಿಯುತ್ತೆ. ನಮ್ಮ ಹುಡುಗ ಅಲ್ಲಿ ಕಟ್ಟಡನೇ ಹಾಕಲಿಲ್ಲ. ಗಾಳಿ ತಡೆಯೋ ಗೋಡೆ, ಗುಡ್ಡದ ಒಂದೇ ಎತ್ತರದ ಗೆರೆ (ಕಾಂಟೂರ್) ಉದ್ದಕ್ಕೂ ಲಾವಂಚ, ಅದು ಹಿಡ್ಕೊಂಡ ಮೇಲೆ ಗಿಡ, ಆಮೇಲೆ ಮರ. ಅದೇ ಸೆಕ್ಷನ್ನನ್ನ, ಅಂದ್ರೆ ನೆಲ ಸೀಳಿ ನೋಡಿದ ಹಾಗೆ ಬಿಡಿಸೋ ಚಿತ್ರನ, ಮೊದಲ ವರ್ಷ, ಹತ್ತನೇ ವರ್ಷ, ಐವತ್ತು, ನೂರು ಅಂತ ನಾಲ್ಕು ಸಲ ಬಿಡಿಸಿದ. ಆ ನಾಲ್ಕೂ ಶೀಟಲ್ಲಿ ಪಕ್ಕದ ಲೈನ್ ಮನೆಗಳು ಮಾತ್ರ ಇದ್ದಲ್ಲೇ ಇದ್ವು, ಯಾರನ್ನೂ ಒಕ್ಕಲೆಬ್ಬಿಸಿರಲಿಲ್ಲ. ಅದು ನನಗೆ ತುಂಬಾ ಹಿಡಿಸಿದ ವಿಷಯ.

ನನ್ನದು ಶಾಫ್ಟ್, ಅಂದ್ರೆ ಗಣಿಗೆ ಇಳಿಯೋ ಬಾವಿ. ಚಾಂಪಿಯನ್ ರೀಫ್ ಮೈನ್ ಸುಮಾರು 3.2 ಕಿಲೋಮೀಟರ್ ಆಳ, ತಳದಲ್ಲಿ ಬಂಡೆ ಶಾಖನೇ 60 ಡಿಗ್ರಿ ದಾಟ್ತಿತ್ತು, ಗಾಳಿ ತಣ್ಣಗೆ ಮಾಡಿ ಕಳಿಸದೆ ಒಬ್ಬರೂ ಅಲ್ಲಿ ಕೆಲಸ ಮಾಡೋಕಾಗ್ತಿರಲಿಲ್ಲ. ಅಂಥ ಆಳ ಇದ್ದಿದ್ದಕ್ಕೇ ವಿಜ್ಞಾನಿಗಳೂ ಇಳಿದ್ರು, ಮೇಲಿಂದ ಬರೋ ಬೇರೆ ಕಣಗಳನ್ನೆಲ್ಲ ಅಷ್ಟು ದಪ್ಪ ಬಂಡೆ ತಡೆಯುತ್ತೆ, ನ್ಯೂಟ್ರಿನೊ ಅನ್ನೋ ಅತಿ ಸಣ್ಣ ಕಣ ಮಾತ್ರ ತೂರಿ ಬರುತ್ತೆ, 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನ ಪ್ರಪಂಚದಲ್ಲೇ ಮೊದಲಿಗೆ ಕಂಡ ಜಾಗಗಳಲ್ಲಿ ನಮ್ಮ ಕೋಲಾರವೂ ಒಂದು. ಪಂಪ್ ನಿಂತ ಮೇಲೆ ಅಲ್ಲೆಲ್ಲ ನೀರು ತುಂಬ್ಕೊಳ್ತಾ ಬಂತು.

ಈ ಆಳನ ಡ್ರಾಯಿಂಗ್‌ಗೆ ತರೋದು ಹೇಗೆ? 1:1000 ಸ್ಕೇಲ್‌ಗೆ ಇಳಿಸಿದ್ರೂ ಶೀಟು 3.2 ಮೀಟರ್ ಉದ್ದ, ಅದರಲ್ಲಿ ಎರಡಂತಸ್ತಿನ ಮನೆ ಏಳು ಮಿಲಿಮೀಟರ್, ಆಳು ಎರಡು ಮಿಲಿಮೀಟರ್‌ಗೂ ಕಮ್ಮಿ. ಪಿನ್‌ಅಪ್ ಬೋರ್ಡ್‌ಗೆ ಹಿಡೀಲಿಲ್ಲ, ಮೆಟ್ಟಿಲ ಮಧ್ಯದ ಖಾಲಿ ಜಾಗದಲ್ಲಿ ಮೇಲಿಂದ ಇಳಿಬಿಟ್ವಿ. ಮೇಲೆ ಊರು ಅಂತ ಬಿಡಿಸಿದ್ದು ಬೆರಳಗಲ, ಉಳಿದಿದ್ದೆಲ್ಲಾ ನೆಲದ ಕೆಳಗೆ. ಕೆಜಿಎಫ್ ಅಂದ್ರೆ ಕ್ಲಬ್ಬು, ಬಂಗಲೆ, ಲಿಟಲ್ ಇಂಗ್ಲೆಂಡ್ ಅಂತ ಫೋಟೊ ತೋರಿಸ್ತಾರಲ್ಲ, ಆ ಶೀಟ್ ಮುಂದೆ ನಿಂತ್ರೆ ಆ ಮಾತು ಎಷ್ಟು ಅರ್ಧಂಬರ್ಧ ಅಂತ ಯಾರಿಗಾದ್ರೂ ತಿಳೀತಿತ್ತು.

ಅಂಡರ್‌ಗ್ರೌಂಡ್‌ನಲ್ಲಿ ಕೆಲಸ ಮಾಡಿ ರಿಟೈರ್ ಆಗಿದ್ದ ಒಬ್ಬ ತಾತ ನಮಗೆ ಲೈನ್ ಮನೆ ಜಗಲಿ ಮೇಲೆ ಕೂರಿಸಿ ತಮಿಳು, ತೆಲುಗು, ಕನ್ನಡ ಮೂರನ್ನೂ ಬೆರೆಸಿ ಗಣಿ ಒಳಗಿನ ದಾರಿನೆಲ್ಲಾ ಹೇಳಿದ್ರು. "ಒಂದೇ ಕೇಜಲ್ಲಿ ತಳಕ್ಕೆ ಹೋಗೋಕಾಗಲ್ಲಪ್ಪ, ಮಧ್ಯ ಇಳೀಬೇಕು, ನಡೀಬೇಕು, ಇನ್ನೊಂದು ಶಾಫ್ಟ್ ಹತ್ಬೇಕು" ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರ್ದು ತೋರಿಸಿದ್ರು. ಬಂಡೆ ಸಿಡಿದಾಗ ಮೇಲೆ ಮನೇಲಿ ಪಾತ್ರೆ ಅಲ್ಲಾಡ್ತಿತ್ತಂತೆ, ಹೆಂಗಸರು ಎದ್ದು ಶಾಫ್ಟ್ ಕಡೆ ಓಡ್ತಿದ್ರಂತೆ. ನನ್ನ ಡಿಸೈನ್ ಹುಟ್ಟಿದ್ದು ಆ ಜಗಲಿ ಮೇಲೆ. ಶಾಫ್ಟ್ ಬಾಯಿ ಮೇಲೆ ನಿಂತಿರೋ ಗೋಪುರಕ್ಕೆ (ಹೆಡ್‌ಗಿಯರ್) ಮೂರು ಕೋಣೆ ತೂಗುಹಾಕಿದೆ, ಆ ಇಳಿಯೋ ಹಂತಗಳಿಗೆ ಒಂದೊಂದು. ಕೆಳಗೆ ನೀರು ನೂರು ಮೀಟರ್ ಏರಿದ್ರೆ ಮೇಲಿನ ಕೋಣೆ ಒಂದು ಮೀಟರ್ ಕೆಳಗಿಳಿಯುತ್ತೆ. ಒಳಗೆ ಕೂತ್ರೆ ಆ ಆಳದಲ್ಲಿ ದುಡಿದವರ ದನಿ, ಅವರ ಭಾಷೇಲೇ. ಊರಿನವರು ಬಸ್‌ಸ್ಟಾಪಲ್ಲಿ ನಿಂತೇ ತಲೆ ಎತ್ತಿ ನೋಡಿ ಒಳಗೆ ನೀರು ಎಲ್ಲಿವರೆಗೆ ಬಂದಿದೆ ಅಂತ ತಿಳ್ಕೋಬಹುದು.

ಜೂರಿ ದಿನ, ಅಂದ್ರೆ ನಮ್ಮ ಕೆಲಸನ ಹೊರಗಿನವರು ನೋಡಿ ಪ್ರಶ್ನೆ ಕೇಳೋ ದಿನ, ಆ ತಾತನ್ನೂ ಕರ್ಕೊಂಡು ಬಂದಿದ್ವಿ. ಹೊರಗಿನಿಂದ ಬಂದ ಆರ್ಕಿಟೆಕ್ಟ್‌ಗಳು ಸ್ಟ್ರಕ್ಚರ್ ಬಗ್ಗೆ, ಖರ್ಚಿನ ಬಗ್ಗೆ ಕೇಳ್ತಿದ್ರು, ತಾತ ಮಾತ್ರ ಮೆಟ್ಟಿಲು ಹತ್ತಿ ಇಳಿದು ಶೀಟ್‌ನ ಮೇಲಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದ್ರು, ಯಾವ ಲೆವೆಲಲ್ಲಿ ತಾವು ಎಷ್ಟು ವರ್ಷ ಇದ್ರು ಅಂತ ಜೂರಿಗೇ ವಿವರಿಸೋಕೆ ಶುರು ಮಾಡಿದ್ರು. ಒಂದು ಡ್ರಾಯಿಂಗ್‌ನ ಕಸುಬು ಏನು ಅಂತ ನನಗೆ ಯಾವ ಲೆಕ್ಚರ್‌ನಲ್ಲೂ ಅಷ್ಟು ಚೆನ್ನಾಗಿ ತಿಳಿದಿರಲಿಲ್ಲ.

ಈಗ ಜೂರಿಗೆ ನಾನೇ ಹೋಗ್ತೀನಿ. ರೆಂಡರ್‌ಗಳು ಎಷ್ಟು ಚೆನ್ನಾಗಿರ್ತಾವೆ ಅಂದ್ರೆ ಕಣ್ಣು ಕೀಳೋಕಾಗಲ್ಲ, ತೇಲೋ ನಗರ, ಕಾಡು ಹೊತ್ತ ಟವರ್. ಮಣ್ಣು ಯಾವುದು, ನೀರು ಎಲ್ಲಿಂದ ಬರುತ್ತೆ, ಮುಂಚೆ ಇಲ್ಲಿ ಯಾರಿದ್ರು ಅಂತ ಕೇಳಿದ್ರೆ ಎಷ್ಟೋ ಸಲ ಉತ್ತರ ಇರಲ್ಲ. ಕಲ್ಪನೆ ಜಾಸ್ತಿ ಆಯ್ತು ಅಂತ ನಾನು ಯಾವ ಹುಡುಗರಿಗೂ ಹೇಳಲ್ಲ, ಬೇತಮಂಗಲದ ಕೆರೆ ನೀರು ಕೆಜಿಎಫ್‌ಗೆ ಹೇಗೆ ಬಂತು ಅಂತ ಪೈಪ್ ಹಿಡಿದು ಹೋಗಿ ನೋಡ್ಕೊಂಡು ಬನ್ನಿ, ಆಮೇಲೆ ಎಷ್ಟು ಬೇಕೋ ಅಷ್ಟು ತೇಲಿಸಿ ಅಂತೀನಿ.

ನನ್ನ ಆ ಉದ್ದದ ಸೆಕ್ಷನ್ ಇನ್ನೂ ಕಾಲೇಜಿನ ಸ್ಟೋರಲ್ಲಿ ಸುರುಳಿಯಾಗಿ ಇದೆಯಂತೆ. ಅದನ್ನ ಸ್ಕ್ಯಾನ್ ಮಾಡಿ ಒಂದು ಪ್ರತಿ ಕೆಜಿಎಫ್‌ನ ಯಾವುದಾದ್ರೂ ಶಾಲೆಗೆ ಕೊಡೋಕೆ ಪ್ರಿನ್ಸಿಪಾಲ್ ಹತ್ರ ಕೇಳಿದ್ದೀನಿ, ಖರ್ಚು ನಾನೇ ಹಾಕ್ತೀನಿ. ತಾತನ ಮಾತಿನ ಕ್ಯಾಸೆಟ್‌ಗಳನ್ನೂ ಡಿಜಿಟಲ್ ಮಾಡಿಸಿದ್ದೀನಿ, ಲೈಬ್ರರಿಗೆ ಕೊಡ್ತೀನಿ. ನಮ್ಮ ಬ್ಯಾಚಿನವರು ಇದನ್ನ ಓದ್ತಿದ್ರೆ, ಸೈನೈಡ್ ಗುಡ್ಡದ ನಾಲ್ಕು ಶೀಟು, ಟ್ರೇನ್ ಪಾಲಿಟೆಕ್ನಿಕ್‌ನ ಬೋಗಿ ಡ್ರಾಯಿಂಗ್‌ಗಳು ಯಾರ ಅಟ್ಟದ ಮೇಲಿದ್ರೂ ದಯವಿಟ್ಟು ಇಳಿಸಿ ಕಳಿಸಿ, ಮೂರನ್ನೂ ಒಟ್ಟಿಗೇ ಅಲ್ಲಿ ಹಾಕೋಣ.