ಅತ್ತೆಗೆ ಆಪರೇಷನ್ ಮಾಡೋ ಡಾಕ್ಟ್ರು

ನಮ್ಮ ಪಕ್ಕದ ಅಪಾರ್ಟ್‌ಮೆಂಟಲ್ಲಿರೋ ಹುಡುಗ ಸರ್ಜರಿ ರೆಸಿಡೆಂಟು, ಅಂದ್ರೆ ಸರ್ಜನ್ ಆಗೋಕೆ ಟ್ರೇನಿಂಗ್‌ನಲ್ಲಿರೋ ಡಾಕ್ಟ್ರು. ಅಮೆರಿಕಾದ ಮಿಷಿಗನ್ನಲ್ಲಿರೋ ನಮ್ಮ ಆನ್ ಆರ್ಬರ್ ಅಂದ್ರೆ ಹಂಗೇ, ನಾಲ್ಕು ಮನೆಗೊಬ್ಬ ಡಾಕ್ಟ್ರೋ ಡಾಕ್ಟ್ರಾಗೋನೋ ಸಿಕ್ತಾನೆ. ಹೋದ ವಾರ ಅವನ ಪಾರ್ಸೆಲ್ ನಮ್ಮನೆಗೆ ಬಂದಿತ್ತು, ಕೊಡೋಣ ಅಂತ ಮಗಳ ಜೊತೆ ಹೋದ್ರೆ ಟೇಬಲ್ ಮೇಲೆ ಒಂದು ಮುಚ್ಚಿದ ಡಬ್ಬ ಇಟ್ಕೊಂಡು ಕೂತಿದ್ದ. ಎರಡು ತೂತಲ್ಲಿ ಎರಡು ಉದ್ದನೆ ಇಕ್ಕಳ, ಒಳಗೊಂದು ಕ್ಯಾಮೆರಾ, ಕಣ್ಣೆಲ್ಲ ಸ್ಕ್ರೀನ್ ಮೇಲೆ. ಹೊಟ್ಟೆ ಪೂರ್ತಿ ಕೊಯ್ಯದೆ ಸಣ್ಣ ತೂತಲ್ಲೇ ಮಾಡೋ ಆಪರೇಷನ್‌ಗೆ ಪ್ರಾಕ್ಟೀಸಂತೆ. ಆರು ರಬ್ಬರ್ ತುಂಡು, ಒಂದೊಂದನ್ನೇ ಗೂಟದಿಂದ ಎತ್ತಿ ಗಾಳಿಯಲ್ಲೇ ಇನ್ನೊಂದು ಇಕ್ಕಳಕ್ಕೆ ದಾಟಿಸಿ ಆಚೆ ಕಡೆ ಗೂಟಕ್ಕೆ ಹಾಕ್ಬೇಕು, ಆಮೇಲೆ ವಾಪಸ್. ನಾನೂ ಟ್ರೈ ಮಾಡ್ದೆ. ಕೈ ಬಲಕ್ಕೆ ಹೋದ್ರೆ ಒಳಗಿನ ತುದಿ ಎಡಕ್ಕೆ ಹೋಗತ್ತೆ ಮಾರಾಯ್ರೆ, ಒಂದು ತುಂಡೂ ಎತ್ತಕ್ಕಾಗ್ಲಿಲ್ಲ. ಗಂಟು ಹಾಕೋದು, ಗೆರೆ ಮೇಲೇ ಬಟ್ಟೆ ಕತ್ತರಿಸೋದೂ ಇದ್ಯಂತೆ, ಈ ಪರೀಕ್ಷೆ ಪಾಸಾಗ್ದೆ ಇಲ್ಲಿ ಜನರಲ್ ಸರ್ಜರಿ ಬೋರ್ಡ್ ಸರ್ಟಿಫಿಕೇಟ್ ಸಿಗಲ್ಲ.

ವಾಪಸ್ ಬರ್ತಾ ಮಗಳು ಕೇಳಿದ್ಲು, "ಅಪ್ಪಾ, ಅತ್ತೆಗೆ ಆಪರೇಷನ್ ಮಾಡೋ ಡಾಕ್ಟ್ರೂ ಹಿಂಗೇ ಪ್ರಾಕ್ಟೀಸ್ ಮಾಡಿದಾರಾ?"

ನನಗೆ ಗೊತ್ತಿರ್ಲಿಲ್ಲ. ದಾವಣಗೆರೆಯಲ್ಲಿರೋ ಅಕ್ಕಂಗೆ ತೂಕ ಜಾಸ್ತಿ, ಶುಗರ್ ಬೇರೆ, ಮಂಡಿ ನೋವು. ಊರೋರೆಲ್ಲ "ಬಾಯಿ ಕಟ್ಟಿದ್ರೆ ಸಾಕು ಕಣಮ್ಮ" ಅಂತ ಉಪದೇಶ ಮಾಡಿ ಮಾಡಿ ಅವಳಿಗೆ ಮದುವೆ ಮನೆಗೆ ಹೋಗೋದೇ ಬೇಡ ಅನ್ನಿಸ್ಬಿಟ್ಟಿದೆ. ಈಗ ಬೆಂಗಳೂರಲ್ಲಿ ಬೇರಿಯಾಟ್ರಿಕ್, ಅಂದ್ರೆ ತೂಕ ಇಳಿಸೋ ಆಪರೇಷನ್ ಅಂತ ಆಗಿದೆ, ಸ್ಲೀವ್, ಅಂದ್ರೆ ಹೊಟ್ಟೆಚೀಲದ ಮುಕ್ಕಾಲು ಭಾಗ ತೆಗೆದು ಉಳಿದಿದ್ದನ್ನ ಬಾಳೆಹಣ್ಣಿನಂಥ ಕೊಳವೆ ಮಾಡೋದು. ಭಾವ ಡಾಕ್ಟ್ರನ್ನ ಹುಡುಕಿದ್ದು ಹೆಂಗಂದ್ರೆ, ಬೀಗರ ಕಡೆಯೋರಿಗೆ ಪರಿಚಯ, ಕೈಗುಣ ಚೆನ್ನಾಗಿದೆಯಂತೆ, ಮುಗೀತು.

ಈ ಕೈಗುಣಾನೇ ಅಳೆದು ನೋಡಿದಾರೆ ನಮ್ಮ ಮಿಷಿಗನ್ನಲ್ಲಿ. ಆ ಹುಡುಗನೇ ಹೇಳಿದ್ದು, ಆಮೇಲೆ ನಾನೂ ಕೂತು ಓದ್ದೆ. 20 ಜನ ಬೇರಿಯಾಟ್ರಿಕ್ ಸರ್ಜನ್‌ಗಳು ತಾವು ಮಾಡಿದ ಗ್ಯಾಸ್ಟ್ರಿಕ್ ಬೈಪಾಸಿನ (ಇದೂ ತೂಕ ಇಳಿಸೋ ಇನ್ನೊಂದು ಆಪರೇಷನ್ನೇ) ಒಂದೊಂದು ವಿಡಿಯೋ ತಾವೇ ಆರಿಸಿ ಕೊಟ್ಟಿದಾರೆ, ಬೇರೆ ಸರ್ಜನ್‌ಗಳು ಇದು ಯಾರ ಕೈ ಅಂತ ಗೊತ್ತಿಲ್ದೇ ನೋಡಿ ಮಾರ್ಕ್ಸ್ ಹಾಕಿದಾರೆ. 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು, ಜಾನ್ ಬರ್ಕ್‌ಮೈಯರ್ ಮತ್ತವರ ತಂಡದ್ದು. ಕಮ್ಮಿ ಮಾರ್ಕ್ಸ್ ಬಂದ ಕಾಲು ಭಾಗದ ಸರ್ಜನ್‌ಗಳ ಪೇಷಂಟ್‌ಗಳಲ್ಲಿ 14.5% ಜನಕ್ಕೆ ತೊಂದ್ರೆ ಆಗಿದೆ, ಮೇಲಿನ ಕಾಲು ಭಾಗದೋರಲ್ಲಿ 5.2%. ಸಾವೂ ಕೆಳಗಿನೋರಲ್ಲೇ ಜಾಸ್ತಿ. ಎಲ್ಲರೂ ಓದಿ ಪಾಸಾದ ಡಾಕ್ಟ್ರುಗಳೇ ಸ್ವಾಮಿ! ನನಗೆ ಬೆರಗಾಗಿದ್ದು ಈ ಅಂಕಿಗಿಂತ, ಅಷ್ಟು ಜನ ಸೀನಿಯರ್‌ಗಳು ಬನ್ನಿ ನಮ್ಮ ಕೈ ನೋಡಿ ಅಂತ ಒಪ್ಕೊಂಡ್ರಲ್ಲ ಅದು.

ಹಂಗಂತ ಇಲ್ಲಿ ಎಲ್ಲ ಸರಿಯಾಗಿದೆ ಅಂತಲ್ಲ. ಅಮೆರಿಕಾದಲ್ಲಿ ಈ ಆಪರೇಷನ್‌ಗೆ ಅರ್ಹರಾದೋರಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ 1% ಜನ ಮಾತ್ರ ಮಾಡಿಸ್ಕೊಳ್ಳೋದು. ಎಷ್ಟೋ ಇನ್ಶೂರೆನ್ಸ್‌ನೋರು ಮೊದಲು ತಿಂಗಳುಗಟ್ಟಲೆ ಡಯಟ್ ಮಾಡಿ ತೋರಿಸಿ ಅಂತಾರೆ, ನಮ್ಮೂರೋರ ಉಪದೇಶಾನೇ ಲೆಟರ್‌ಹೆಡ್ ಮೇಲೆ ಬಂದಂಗೆ.

ಅಪ್ಪಂಗೆ ಹರ್ನಿಯಾ ಆಪರೇಷನ್ ಆದಾಗ ನಾನು ಹೈಸ್ಕೂಲು. ಡಾಕ್ಟ್ರು ರೌಂಡ್ಸ್ ಬಂದ್ರೆ ಮಂಚದ ಮೇಲೆ ಮಲಗಿದ್ದೋರೂ ಎದ್ದು ಕೂತು ಕೈ ಮುಗಿಯೋರು. "ತಮ್ಮದು ಯಾವೂರು ಸಾರ್" ಅಂತ ಅಪ್ಪ ಕೇಳಿದ್ದು, ಅವರು ಹೇಳಿದ್ದು, ಓ ಹಂಗಾದ್ರೆ ಇಂಥೋರು ಗೊತ್ತಿರ್ಬೇಕಲ್ಲ ಅಂತ ಮಾತು ಬೆಳೆದಿದ್ದು. ಆಪರೇಷನ್ ಬಗ್ಗೆ ಒಂದು ಮಾತೂ ಇಲ್ಲ. ಅಮ್ಮ ಕೇಳಿದ್ದು ಒಂದೇ, ಅನ್ನ ಯಾವಾಗ ಕೊಡ್ಬಹುದು ಅಂತ.

ಭಾನುವಾರ ಭಾವಂಗೆ ಫೋನ್ ಮಾಡಿ, ಈ ಸ್ಲೀವ್ ಅವರು ಇಲ್ಲಿ ತನಕ ಎಷ್ಟು ಮಾಡಿದಾರೆ, ಹೊಲಿದ ಜಾಗದಲ್ಲಿ ಲೀಕ್ ಎಷ್ಟು ಜನಕ್ಕೆ ಆಗಿದೆ, ಟ್ರೇನಿಂಗ್‌ನೋರು ಮಾಡ್ತಾರಾ ಅವರೇ ಮಾಡ್ತಾರಾ ಕೇಳಿ ಅಂದೆ. "ಅದೆಲ್ಲ ಕೇಳಿದ್ರೆ ಡಾಕ್ಟ್ರಿಗೆ ಬೇಜಾರಾಗಲ್ವೇನಪ್ಪ, ನಾಳೆ ಅವರೇ ತಾನೇ ಕತ್ತರಿ ಹಿಡಿಯೋದು" ಅಂದ್ರು. ಅವರ ಭಯಾನೂ ಸುಳ್ಳಲ್ಲ ಬಿಡಿ. ಅಕ್ಕ ಹಿಂದಿಂದ ಫೋನ್ ಕಿತ್ಕೊಂಡು, "ಗುರುವಾರ ಹನ್ನೊಂದಕ್ಕೆ ಅಪಾಯಿಂಟ್‌ಮೆಂಟು, ವಿಡಿಯೋ ಕಾಲ್ ಹಾಕ್ತೀನಿ, ನೀನೇ ಕೇಳು, ಅಮೆರಿಕಾದೋನು ಕೇಳಿದ ಅಂತ ಆಗತ್ತೆ" ಅಂದ್ಲು. ಇಲ್ಲಿ ಅದು ರಾತ್ರಿ ಒಂದೂವರೆ. ಅಲಾರಂ ಇಟ್ಟಿದೀನಿ.