ಅಂಡಮಾನಕ್ಕೆ ಅರವತ್ತು ರೊಟ್ಟಿ

ಫೆಬ್ರುವರಿಯ ಒಂದು ರವಿವಾರ. ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಮನೆಗೆ ಗದಗಿನಿಂದ ಅತ್ತೆ-ಮಾವ ಬಂದಿದ್ದರು. ಬ್ಯಾಡಗಿಯಿಂದ ಅವ್ವ ಬಂದಿದ್ದಳು. ಏಪ್ರಿಲ್ ರಜೆಯಲ್ಲಿ ನಾವು ಏಳು ಮಂದಿ ಅಂಡಮಾನಕ್ಕೆ ಹೋಗುವುದಿತ್ತು. ವಿಮಾನದ ಟಿಕೆಟ್ ಜನವರಿಯಲ್ಲೇ ಆಗಿದ್ದವು. ಊಟದ ಯಾದಿ ಮಾಡೋಣ ಅಂತ ಎಲ್ಲರೂ ಕೂಡಿದ್ದೆವು.

ಆದರೆ ಹಿಂದಿನ ರಾತ್ರಿಯೇ ನನ್ನ ಫೋನಿಗೆ ಒಂದು ಮೆಸೇಜ್ ಬಂದಿತ್ತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ನಮ್ಮ ವಿಮಾನದ ಸಮಯ ಬದಲಾಗಿದೆ, ಮೂರು ತಾಸು ಮುಂದೆ ಹೋಗಿದೆ ಅಂತ. ಹಾಗಾದರೆ ಬೆಂಗಳೂರಿನಿಂದ ಅಂಡಮಾನದ ಪೋರ್ಟ್ ಬ್ಲೇರಿಗೆ ಹೋಗುವ ವಿಮಾನ ನಮಗೆ ಸಿಗುವುದಿಲ್ಲ. ರಾತ್ರಿ ಯಾರಿಗೂ ಹೇಳಲಿಲ್ಲ. ನಿದ್ದೆ ಮಾತ್ರ ಬರಲಿಲ್ಲ.

ಹುಬ್ಬಳ್ಳಿಯಿಂದ ಅಂಡಮಾನಕ್ಕೆ ನೇರ ವಿಮಾನ ಇಲ್ಲ. ಬೆಂಗಳೂರಿನಂಥ ಒಂದು ಕಡೆ ಇಳಿದು ಹತ್ತಬೇಕು. ನಾನು ಎರಡು ಬೇರೆ ಬೇರೆ ಟಿಕೆಟ್ ತೆಗೆದಿದ್ದೆ, ಹಾಗೆ ತೆಗೆದರೆ ಸೋವಿ ಬಿದ್ದಿತ್ತು. ಒಂದೇ ಟಿಕೆಟ್ಟಿನಲ್ಲಿ ಎರಡೂ ವಿಮಾನ ಇದ್ದರೆ, ಮೊದಲನೆಯದು ತಡವಾದಾಗ ಮುಂದಿನದಕ್ಕೆ ನಮ್ಮನ್ನು ಕೂರಿಸುವ ಹೊಣೆ ಕಂಪನಿಯದು. ಬೇರೆ ಬೇರೆ ಇದ್ದರೆ ಆ ಹೊಣೆ ನಮ್ಮದೇ. ಸಾಮಾನನ್ನೂ ಬೆಂಗಳೂರಿನಲ್ಲಿ ಇಳಿಸಿಕೊಂಡು ಹೊರಗೆ ಬಂದು ಮತ್ತೆ ಹೊಸದಾಗಿ ಕೊಡಬೇಕು. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ನಡುವೆ ನಾಲ್ಕು ತಾಸು ಇದೆಯಲ್ಲ, ಸಾಕು ಅಂದುಕೊಂಡಿದ್ದೆ. ಇಬ್ಬರೇ ಹೋಗುವವರಿಗೆ ಅದು ಸಾಕಾಗಬಹುದು. ಎಪ್ಪತ್ತು ದಾಟಿದ ಮೂವರನ್ನು ಕರೆದುಕೊಂಡು ಹೋಗುವವರು ಆ ನಾಲ್ಕು ತಾಸನ್ನು ನಂಬಬಾರದಿತ್ತು.

ಬೆಳಗ್ಗೆ ಚಹಾ ಆದ ಮೇಲೆ ವಿಷಯ ಹೇಳಿದೆ. ನಮ್ಮ ಮನೆಯವರು ಸುಮ್ಮನೆ ಕೂತರು. ಮಾವನೇ ಮೊದಲು ಮಾತಾಡಿದ್ದು.

"ರೈಲು ಐತೆಲ್ಲವಾ. ಬೆಂಗಳೂರು ಮಟ ರೈಲಿಗೆ ಹೋಗೂಣು. ಅದಕ್ಯಾಕ ಇಷ್ಟು ಚಿಂತಿ?"

ಸರಿ ಅನ್ನಿಸಿತು. ರೈಲಿನ ರಿಸರ್ವೇಷನ್ 60 ದಿನ ಮೊದಲು ತೆರೆಯುತ್ತದೆ. ನಮ್ಮ ದಿನ ಇನ್ನೂ ತೆರೆದಿರಲಿಲ್ಲ, ಹಾಗಾಗಿ ಏಳು ಸೀಟು ಸಿಗುವ ಧೈರ್ಯ ಇತ್ತು. ಹಿಂದಿನ ದಿನ ಮಧ್ಯಾಹ್ನ ವಂದೇ ಭಾರತ್ ಹತ್ತಿದರೆ ರಾತ್ರಿ ಊಟದ ಹೊತ್ತಿಗೆ ಬೆಂಗಳೂರು. ಹೆಬ್ಬಾಳದಲ್ಲಿ ನನ್ನ ತಮ್ಮನ ಮನೆ ಇದೆ, ವಿಮಾನ ನಿಲ್ದಾಣದ ದಾರಿಯಲ್ಲೇ. ರಾತ್ರಿ ಅಲ್ಲಿ ಮಲಗಿ ಬೆಳಗ್ಗೆ ಹೊರಡಬಹುದು. ವಿಮಾನದವರು ಸಮಯವನ್ನು ತಾವೇ ಬದಲಿಸಿದ್ದರಿಂದ ಹುಬ್ಬಳ್ಳಿ ಟಿಕೆಟ್ಟಿನ ಹಣ ಪೂರ್ತಿ ವಾಪಸ್ ಬಂತು. ಬರಲು ಹದಿನೈದು ದಿನ ಹಿಡಿಯಿತು, ಮೂರು ಸಲ ಫೋನ್ ಮಾಡಬೇಕಾಯಿತು. ಆದರೆ ಬಂತು.

ಟಿಕೆಟ್ಟಿನ ವಿಷಯದಲ್ಲಿ ಮಗಳು ಕಂಡುಹಿಡಿದ ಒಂದು ಮಾತು ಇಲ್ಲಿ ಹೇಳಲೇಬೇಕು. ಎಂಟನೇ ಕ್ಲಾಸಿನ ಹುಡುಗಿ. ಜನವರಿಯಲ್ಲಿ ಬೆಂಗಳೂರು-ಪೋರ್ಟ್ ಬ್ಲೇರ್ ಟಿಕೆಟ್ ನೋಡುವಾಗ ಏಳು ಮಂದಿ ಅಂತ ಹಾಕಿದರೆ ಒಂದು ದರ, ನಾಲ್ಕು ಮಂದಿ ಅಂತ ಹಾಕಿದರೆ ತಲೆಗೆ ಕಡಿಮೆ ದರ ತೋರಿಸುತ್ತಿತ್ತು. "ಮಮ್ಮಿ, ಇದು ಹೆಂಗ?" ಅಂದಳು. ವಿಮಾನದ ಸೀಟುಗಳನ್ನು ಬೇರೆ ಬೇರೆ ದರದ ಗುಂಪುಗಳಾಗಿ ಮಾರುತ್ತಾರೆ. ಅಗ್ಗದ ಗುಂಪಿನಲ್ಲಿ ನಾಲ್ಕೇ ಸೀಟು ಉಳಿದಿದ್ದರೆ, ಏಳು ಕೇಳಿದವರಿಗೆ ಏಳನ್ನೂ ಮೇಲಿನ ದರಕ್ಕೇ ಕೊಡುತ್ತಾರೆ. ನಾವು ನಾಲ್ಕು ಮತ್ತು ಮೂರು ಅಂತ ಎರಡು ಸಲ ತೆಗೆದೆವು. ನಾಲ್ಕರಲ್ಲಿ ನಮ್ಮ ಮನೆಯವರು, ಮಾವ, ಅತ್ತೆ, ಮಗ. ಮೂರರಲ್ಲಿ ನಾನು, ಅವ್ವ, ಮಗಳು. ಯಾವುದಾದರೂ ಒಂದು ಏರುಪೇರಾದರೂ ಹಿರಿಯರ ಜೊತೆ ನಮ್ಮಲ್ಲಿ ಒಬ್ಬರು ಇರಲೇಬೇಕು ಅನ್ನುವುದು ನನ್ನ ಹಟ. ಉಳಿದ ಹಣದಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗಿಗೆ ಏಳೂ ಮಂದಿಯ ಟಿಕೆಟ್ಟಿನ ಅರ್ಧ ಭಾಗ ಬಂತು.

ಇಷ್ಟು ದೂರ ಯಾಕೆ ಅಂತ ಬಳಗದವರು ಕೇಳಿದ್ದುಂಟು. ಮಾವ ಗದಗಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಪೋರ್ಟ್ ಬ್ಲೇರಿನ ಸೆಲ್ಯುಲರ್ ಜೈಲಿನ ಬಗ್ಗೆ ವರ್ಷಗಟ್ಟಲೆ ಹುಡುಗರಿಗೆ ಹೇಳಿದ್ದರು, ಒಮ್ಮೆಯೂ ನೋಡಿರಲಿಲ್ಲ. 1896ರಲ್ಲಿ ಕಟ್ಟಲು ಶುರು ಮಾಡಿ 1906ರಲ್ಲಿ ಮುಗಿಸಿದ್ದು. ಚಕ್ರದ ಅರಗಳ ಹಾಗೆ ಏಳು ಸಾಲು ಇದ್ದವು, ಈಗ ಮೂರೇ ಉಳಿದಿವೆ. ಒಂದು ಸಾಲಿನವರಿಗೆ ಇನ್ನೊಂದು ಸಾಲಿನವರ ಮುಖ ಕಾಣಬಾರದು ಅಂತ ಕಟ್ಟಿದ್ದು. ಇದನ್ನು ಹೇಳುವಾಗ ಮಾವ ಎರಡೂ ಕೈ ಬೆರಳು ಅಗಲಿಸಿ ತೋರಿಸುತ್ತಾರೆ. ಊರುಗಳ ಹೊಸ ಹೆಸರನ್ನೇ ಹೇಳಬೇಕು ಅನ್ನುವುದೂ ಅವರದೇ. ಹ್ಯಾವ್‌ಲಾಕ್ ಅಲ್ಲ, ಸ್ವರಾಜ್ ದ್ವೀಪ. ನೀಲ್ ಅಲ್ಲ, ಶಹೀದ್ ದ್ವೀಪ. ಪೋರ್ಟ್ ಬ್ಲೇರ್ ಕೂಡ 2024ರಿಂದ ಶ್ರೀ ವಿಜಯಪುರಂ. ಟಿಕೆಟ್ ಹುಡುಕುವಾಗ ನನಗೆ ಹಳೆಯದೇ ಬಾಯಿಗೆ ಬರುತ್ತಿತ್ತು, ಪ್ರತಿ ಸಲ ತಿದ್ದುತ್ತಿದ್ದರು.

ಮಾವನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ತಗೊಳ್ಳುತ್ತಾರೆ. ಮೂರು ವರ್ಷದ ಹಿಂದೆ ಒಂದು ಪ್ರವಾಸದಲ್ಲಿ ಬೋಟಿನ ಪಾಳಿಯಲ್ಲಿ ನಿಂತಿದ್ದೆವು. ಇನ್ನೇನು ಹತ್ತು ನಿಮಿಷ ಅನ್ನುತ್ತ ಎರಡು ತಾಸಾಯಿತು. ಊಟದ ಹೊತ್ತು ಮೀರಿ ಮಾವನ ಸಕ್ಕರೆ ಇಳಿದಿತ್ತು. ಮಾವ ಒಮ್ಮೆಲೇ ಬೆವತರು, ಕೈ ನಡುಗಿತು, ಮಾತು ತಡವರಿಸಿತು. ನಮ್ಮ ಚೀಲದಲ್ಲಿ ತಿನ್ನುವಂಥದ್ದು ಏನೂ ಇರಲಿಲ್ಲ. ಹಿಂದೆ ನಿಂತಿದ್ದ ಒಬ್ಬ ಹೆಣ್ಣುಮಗಳು ಮಗುವಿಗೆ ಅಂತ ಇಟ್ಟುಕೊಂಡಿದ್ದ ಚಾಕಲೇಟ್ ಕೊಟ್ಟಳು. ಅವಳ ಮುಖ ನನಗೆ ಇವತ್ತಿಗೂ ನೆನಪಿದೆ. ಆವತ್ತಿನಿಂದ ನಾನು ಪ್ರವಾಸದ ಲೆಕ್ಕವನ್ನು ಮಾವನ ಊಟದ ಹೊತ್ತಿನಿಂದಲೇ ಶುರು ಮಾಡುತ್ತೇನೆ. ಅಡುಗೆಮನೆ ಹೊತ್ತುಕೊಂಡು ಹೋಗುವುದು ಎಂಥ ಪ್ರವಾಸ ಅಂತ ಯಾರು ಏನೇ ಅನ್ನಲಿ, ನನಗೆ ಅದು ಸರಿ ಅನ್ನಿಸುತ್ತದೆ.

ಹಾಗಾಗಿ ಸ್ವರಾಜ್ ದ್ವೀಪದಲ್ಲಿ ಅಡುಗೆಮನೆ ಇರುವ ಹೋಂಸ್ಟೇಯನ್ನೇ ಹುಡುಕಿ ಹಿಡಿದಿದ್ದೆವು. ಗ್ಯಾಸ್, ಪಾತ್ರೆ, ಹಂಚು ಇದೆ ಅಂತ ಫೋನಿನಲ್ಲಿ ಕೇಳಿ ಖಾತ್ರಿ ಮಾಡಿಕೊಂಡಿದ್ದೆ. ದಿನಸಿ ಬಹಳಷ್ಟು ಅಲ್ಲಿಗೆ ಹಡಗಿನಲ್ಲಿ ಬರುತ್ತದೆ, ತುಟ್ಟಿ. ಕಾಯಿಪಲ್ಲೆಯನ್ನು ಶಹೀದ್ ದ್ವೀಪದಲ್ಲಿ ಚೆನ್ನಾಗಿ ಬೆಳೆಯುತ್ತಾರೆ. ಅಕ್ಕಿ, ಎಣ್ಣೆ, ಹಾಲು, ಕಾಯಿಪಲ್ಲೆ ಅಲ್ಲೇ ಕೊಳ್ಳುವುದು ಅಂತಾಯಿತು. ಜೋಳ ಮಾತ್ರ ಇಲ್ಲಿಂದಲೇ ಹೋಗಬೇಕು.

ಅತ್ತೆ ಆ ದಿನ ಗದಗಿನಿಂದ ಖಡಕ್ ರೊಟ್ಟಿ ಮಾಡಿಕೊಂಡೇ ಬಂದಿದ್ದರು, ತೂಕ ನೋಡೋಕೆ. ಹತ್ತು ರೊಟ್ಟಿ ತಕ್ಕಡಿಗೆ ಹಾಕಿದೆ. 430 ಗ್ರಾಂ. ಮಾವನಿಗೆ ದಿನಕ್ಕೆ ನಾಲ್ಕು, ಏಳು ದಿನಕ್ಕೆ 28. ಅತ್ತೆ ಮತ್ತು ಅವ್ವನಿಗೆ ರಾತ್ರಿಗೆ ಒಂದೊಂದು, ಅಲ್ಲಿಗೆ 42. ಮುರಿಯುವವು, ನಮ್ಮ ಪಾಲಿನವು ಸೇರಿ ಅರವತ್ತು ಅಂತ ಬರೆದುಕೊಂಡೆ. ಎರಡೂವರೆ ಕಿಲೋಗೆ ಸ್ವಲ್ಪ ಮೇಲೆ.

ಅವ್ವ ಅಷ್ಟೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ ಮೆಲ್ಲಗೆ ಬಾಯಿಬಿಟ್ಟಳು.

"ಬೀಗರ, ಸಮುದ್ರದ ಹವಾಕ್ಕ ರೊಟ್ಟಿ ಮೆತ್ತಗಾಗ್ತಾವ ನೋಡ್ರಿ."

"ಆಗ್ಲಿ ಬಿಡ್ರಿ. ಹಂಚಿನ ಮ್ಯಾಲ ಹಾಕಿದ್ರ ಮತ್ತ ಕಟಕಟ ಅಂತಾವ."

"ಮುಗ್ಗಸು ಹಿಡಿದ್ರ?"

ಅತ್ತೆ ಒಂದು ಗಳಿಗೆ ಯೋಚಿಸಿದರು. ಅವ್ವ ಹೇಳಿದ್ದರಲ್ಲಿ ನಿಜ ಇತ್ತು. ಕೊನೆಗೆ ಇಬ್ಬರೂ ಕೂಡಿ ಒಂದು ದಾರಿ ಮಾಡಿದರು. ರೊಟ್ಟಿಯನ್ನು ಬೇಯಿಸಿದ ಮೇಲೆ ಸಣ್ಣ ಉರಿಯಲ್ಲಿ ಮತ್ತೊಂದು ಸಲ ಕಾಯಿಸಿ ಪೂರ್ತಿ ಪಸೆ ತೆಗೆಯುವುದು. ಆರಿದ ಮೇಲೆಯೇ ಸ್ಟೀಲ್ ಡಬ್ಬಿಗೆ ಹಾಕುವುದು. ಡಬ್ಬಿಯನ್ನು ದಿನಕ್ಕೆ ಒಂದೇ ಸಲ ತೆಗೆಯುವುದು. ಇಷ್ಟಾಗಿಯೂ ಕೈಕೊಟ್ಟರೆ ಇರಲಿ ಅಂತ ಎರಡು ಕಿಲೋ ಜೋಳದ ಹಿಟ್ಟು.

ಆಮೇಲೆ ಯಾದಿ ಬೆಳೆಯಿತು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಹೆಸರುಕಾಳು, ಮಡಕಿಕಾಳು. ಕಾಳು ಒಣಗಿದ್ದಾಗ ಹಗುರ, ಅಲ್ಲಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿದರೆ ಮರುದಿನ ಮೊಳಕೆ. ಕಾಯಿಪಲ್ಲೆ ಸಿಗದ ದಿನಕ್ಕೆ ಇದಕ್ಕಿಂತ ಒಳ್ಳೆಯ ಪಲ್ಯ ಇಲ್ಲ. ರವೆ, ಅವಲಕ್ಕಿ, ಚುರುಮುರಿ, ಬೆಲ್ಲ. ಅವ್ವ ತಂದಿದ್ದ ಬ್ಯಾಡಗಿ ಕಾರ. ಎಲ್ಲ ಕೂಡಿ 13 ಕಿಲೋ ಚಿಲ್ಲರೆ. ನಮ್ಮ ಟಿಕೆಟ್ಟಿನಲ್ಲಿ ತಲೆಗೆ 15 ಕಿಲೋ ಸಾಮಾನನ್ನು ವಿಮಾನದ ಕೆಳಭಾಗಕ್ಕೆ ಕೊಡಬಹುದಿತ್ತು, 7 ಕಿಲೋ ಕೈಯಲ್ಲಿ. ಲೆಕ್ಕಕ್ಕೆ ಬೇಕಾದಷ್ಟು ಜಾಗ ಇತ್ತು. ಆದರೆ ಹಡಗಿಗೆ ಹತ್ತಿಸುವವರು ನಾವೇ ಅಲ್ವಾ? ನಾಲ್ಕು ಚೀಲ ಮೀರಬಾರದು ಅಂತ ಗೆರೆ ಎಳೆದೆ.

ಯಾವುದು ಎಲ್ಲಿಗೆ ಅನ್ನುವುದರಲ್ಲೇ ಜಾಸ್ತಿ ಹೊತ್ತು ಹೋಯಿತು. ರೊಟ್ಟಿ ಡಬ್ಬಿ ಕೈಯಲ್ಲಿ, ಇಲ್ಲದಿದ್ದರೆ ಪುಡಿಪುಡಿ. ಕಾರದ ಪುಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ, ಅದು ಕೆಳಗೆ. ಚಟ್ನಿಗಳಲ್ಲೂ ಕಾರ ಇದೆ ಅಂತ ಅವನ್ನೂ ಕೆಳಗೇ ಹಾಕಿದೆ. ಇನ್ಸುಲಿನ್ ಮಾತ್ರ ಯಾವತ್ತೂ ಕೆಳಗಿನ ಚೀಲಕ್ಕೆ ಹೋಗಬಾರದು. ಅಲ್ಲಿ ಥಂಡಿಗೆ ಕೆಡಬಹುದು, ಚೀಲ ತಡವಾದರೆ ಇನ್ನೂ ಕಷ್ಟ. ಡಾಕ್ಟರ ಚೀಟಿಯ ಜೊತೆ ನನ್ನ ಕೈಚೀಲದಲ್ಲಿ. ಪವರ್ ಬ್ಯಾಂಕ್ ಕೂಡ ಕೈಯಲ್ಲೇ.

ಎಲ್ಲ ಮುಗಿಯಿತು ಅನ್ನುವಾಗ ಅತ್ತೆ ತಮ್ಮ ಚೀಲದಿಂದ ಒಂದು ಗಂಟು ತೆಗೆದರು. ಅಕ್ಕಿ, ಉತ್ತತ್ತಿ, ಅರಿಷಿಣ ಬೇರು, ಅಡಿಕೆ, ಎರಡು ಕೊಬ್ಬರಿ ಬಟ್ಟಲು, ಒಂದು ಹಸಿರು ಗುಳೇದಗುಡ್ಡ ಖಣ.

"ಅಷ್ಟು ದೊಡ್ಡ ಗಂಗವ್ವನ ಮುಂದ ಹೊಂಟೀವಿ. ಬರಿಗೈಲೆ ಹೋಗೂದೇನವಾ? ಉಡಿ ತುಂಬಬೇಕು."

ಒಣ ಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲ. ಎಣ್ಣೆ ಜಾಸ್ತಿ ಇರುತ್ತದೆ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ. ಕೈಯಲ್ಲೂ ಇಲ್ಲ, ಕೆಳಗೂ ಇಲ್ಲ. ಇದನ್ನು ಅತ್ತೆಗೆ ಹೇಳಲು ನನಗೆ ಮನಸ್ಸಾಗಲಿಲ್ಲ. ಅವರು ಆ ಗಂಟನ್ನು ಎಷ್ಟು ದಿನದಿಂದ ಕಟ್ಟಿಟ್ಟಿದ್ದರೋ. ಆದರೂ ಹೇಳಿದೆ. ಅತ್ತೆ ಕೊಬ್ಬರಿ ಬಟ್ಟಲನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು.

"ಅಲ್ಲಿ ತೆಂಗಿನ ಗಿಡ ಇಲ್ಲೇನು?"

"ಅದಾವರಿ ಅತ್ತಿ. ಎಲ್ಲಿ ನೋಡಿದ್ರೂ ಅವ ಅದಾವಂತ."

"ಮತ್ತೇನು! ಹಸಿ ಕಾಯಿ ಅಲ್ಲೇ ತಗೊಂಡ್ರಾತು" ಅಂದು ಉಳಿದದ್ದನ್ನು ಮತ್ತೆ ಗಂಟು ಕಟ್ಟಿದರು.

ಹಡಗಿನ ಟಿಕೆಟ್ಟಿನ ಬಗ್ಗೆ ಒಂದೇ ಮಾತು. ಹವಾ ಕೆಟ್ಟರೆ ಹಡಗು ಬಿಡುವುದಿಲ್ಲ. ಅದಕ್ಕೇ ವಾಪಸ್ ವಿಮಾನದ ಹಿಂದಿನ ರಾತ್ರಿ ದ್ವೀಪಗಳಲ್ಲಿ ಉಳಿಯಬಾರದು, ಶ್ರೀ ವಿಜಯಪುರಕ್ಕೆ ಬಂದುಬಿಡಬೇಕು. ನಾವು ಹಾಗೇ ಮಾಡಿದ್ದೆವು. ಬೆಂಗಳೂರಿನ ಪಾಠ ಆಗಿತ್ತಲ್ಲ.

ಏಪ್ರಿಲ್ ಬಂತು. ಅತ್ತೆ ಎರಡು ದಿನ ಕೂತು ರೊಟ್ಟಿ ಬಡಿದರು, ಅವ್ವ ಕಾಯಿಸಿದಳು. ರೈಲು, ತಮ್ಮನ ಮನೆ, ವಿಮಾನ ಎಲ್ಲ ಹೊತ್ತಿಗೆ ಸರಿಯಾಗಿ ಆಯಿತು. ಬೆಂಗಳೂರಿನಲ್ಲಿ ತಪಾಸಣೆಯವರು ಡಬ್ಬಿಯ ಮುಚ್ಚಳ ತೆಗೆಸಿದರು. ನೋಡಿ, ಹೋಗಿ ಅಂದರು. ಅಷ್ಟೇ.

ನನ್ನ ಲೆಕ್ಕದಲ್ಲಿ ಸೂರ್ಯ ಇರಲಿಲ್ಲ. ಅಂಡಮಾನ ನಮಗಿಂತ ಬಹಳ ಪೂರ್ವಕ್ಕೆ ಇದೆ, ಗಡಿಯಾರ ಮಾತ್ರ ಒಂದೇ. ಹುಬ್ಬಳ್ಳಿಗಿಂತ ಒಂದು ತಾಸು ಹತ್ತು ನಿಮಿಷ ಮೊದಲೇ ಅಲ್ಲಿ ಹೊತ್ತು ಮುಳುಗುತ್ತದೆ. ಸಂಜೆ ಐದೂವರೆಗೇ ಕತ್ತಲು ಶುರು. ಆರು ಗಂಟೆಗೆ ಎಲ್ಲರಿಗೂ ರಾತ್ರಿ ಊಟದ ಹಸಿವು. ಮಾವನ ಇಂಜೆಕ್ಷನ್ ಎಂಟಕ್ಕೆ. ಮೊದಲ ದಿನ ಗೊಂದಲವಾಯಿತು. ಮರುದಿನದಿಂದ ಕತ್ತಲಾದ ಕೂಡಲೇ ಎಲ್ಲರಿಗೂ ಮೊಳಕೆಕಾಳಿನ ಉಸಳಿ, ಊಟ ಮಾತ್ರ ಗಡಿಯಾರ ನೋಡಿ. ಮಾವನ ಸಕ್ಕರೆ ಏಳೂ ದಿನ ಏರಲಿಲ್ಲ, ಇಳಿಯಲಿಲ್ಲ. ದಿನಾ ಬೆಳಗ್ಗೆ ನಾನೇ ನೋಡಿ ಬರೆದಿಟ್ಟಿದ್ದೇನೆ. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ.

ರೊಟ್ಟಿ ಮೂರನೇ ದಿನಕ್ಕೆ ಸ್ವಲ್ಪ ಮೆತ್ತಗಾದವು. ಹಂಚಿಗೆ ಹಾಕಿದರೆ ಅತ್ತೆ ಹೇಳಿದ ಹಾಗೇ ಕಟಕಟ ಅಂದವು.

ಸ್ವರಾಜ್ ದ್ವೀಪ ಬಿಡುವ ದಿನ ಬೆಳಗ್ಗೆ ಐದಕ್ಕೇ ಬೆಳಕು. ಅತ್ತೆ ದಂಡೆಯಲ್ಲಿ ಕೂತು ಅರಿಷಿಣ ಕುಂಕುಮ ಹಾಕಿ, ಅಕ್ಕಿ, ಉತ್ತತ್ತಿ, ಹಿಂದಿನ ದಿನ ಪ್ಯಾಟೆಯಲ್ಲಿ ತಂದಿದ್ದ ಹಸಿ ಕಾಯಿ ನೀರಿಗೆ ಬಿಟ್ಟರು. ತೆರೆ ಕಾಯಿಯನ್ನು ವಾಪಸ್ ತಂದು ಅವರ ಕಾಲ ಹತ್ತಿರ ಇಟ್ಟಿತು. ಮತ್ತೆ ಬಿಟ್ಟರು, ಮತ್ತೆ ತಂದಿತು. ಮೂರನೇ ಸಲ ಮಾವ ಪಂಚೆ ಎತ್ತಿಕಟ್ಟಿ ಮೊಣಕಾಲಷ್ಟು ನೀರಿಗೆ ಹೋಗಿ ದೂರ ಎಸೆದು ಬಂದರು.

ಖಣವನ್ನು ಅತ್ತೆ ಸಮುದ್ರಕ್ಕೆ ಹಾಕಲಿಲ್ಲ. ಹೋಂಸ್ಟೇಗೆ ವಾಪಸ್ ಬಂದು ಆ ಮನೆಯ ಬಂಗಾಲಿ ಹೆಣ್ಣುಮಗಳನ್ನು ಕರೆದು ಮಣೆ ಇಲ್ಲದ್ದಕ್ಕೆ ಕುರ್ಚಿಯಲ್ಲೇ ಕೂರಿಸಿದರು. ಏಳು ದಿನ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಸೆರಗು ಒಡ್ಡು ಅಂತ ಅತ್ತೆ ಕೈಮಾಡಿ ತೋರಿಸಿದರು. ಅವಳಿಗೆ ಅದು ಕೂಡಲೇ ತಿಳಿಯಿತು. ಐದು ಹಿಡಿ ಅಕ್ಕಿ, ಖಣ, ಅಡಿಕೆ, ಡಬ್ಬಿಯಲ್ಲಿ ಉಳಿದಿದ್ದ ಎರಡು ರೊಟ್ಟಿ.