ಬೆಂಗಳೂರಿಗಿಂತ ತಗ್ಗಿನ ಶಿಖರ: ಪಿಮ್‌ಲಿಮೊನ್ ವೌರ್

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ವೇಲ್ಸ್‌ನ ಕೇಂಬ್ರಿಯನ್ ಬೆಟ್ಟಸಾಲಿನ ಅತಿ ಎತ್ತರದ ತುದಿ ಪಿಮ್‌ಲಿಮೊನ್ ವೌರ್ ಬರೀ 752 ಮೀಟರ್, ನಮ್ಮ ನಂದಿಬೆಟ್ಟದ ಅರ್ಧ. ಹಾಗಂತ ಹಗುರವಾಗಿ ಹೊರಟವರೇ ಅಲ್ಲಿ ತೊಯ್ದು ತೊಪ್ಪೆಯಾಗುವುದು. ವೇಲ್ಸ್‌ನ ಅತಿ ಎತ್ತರದ ಶಿಖರ ಸ್ನೋಡನ್‌ನ ಜನಜಾತ್ರೆಯಂತೂ ಇಲ್ಲಿಲ್ಲ.

ಎ44 ರಸ್ತೆ ಬದಿಯ ಐಸ್ತೆದ್ವ ಗಿರಿಗ್‌ನಿಂದ ಹತ್ತುವುದು ಸಲೀಸು. ಆ ಜಾಗವೇ 400 ಮೀಟರ್ ಎತ್ತರದಲ್ಲಿರುವುದರಿಂದ ಉಳಿಯುವುದು ಸುಮಾರು 350 ಮೀಟರ್ ಏರು. ಹಳೆಯ ಸೀಸದ ಗಣಿ ದಾಟಿದ ಮೇಲೆ ಬರೀ ಹುಲ್ಲು.

ಕಷ್ಟ ಏರಿನದಲ್ಲ, ಕೆಸರಿನದು. ಅರೆಕೊಳೆತ ಪಾಚಿ, ಹುಲ್ಲಿನಿಂದಾದ ಪೀಟ್ ಮಣ್ಣು ಮಳೆನೀರನ್ನು ಸ್ಪಂಜಿನಂತೆ ಹಿಡಿದಿಡುತ್ತದೆ. ಎಳೆಹಸಿರು ಪಾಚಿ ಹಾಸಿದಂತೆ ಕಂಡರೆ ಕಾಲಿಡಬೇಡಿ, ಮೊಣಕಾಲವರೆಗೆ ಹೂತೀತು. ಕಬ್ಬನ್ ಪಾರ್ಕಿನ ಜಾಗಿಂಗ್ ಶೂ ಸಾಲದು. ಹರಡು ಮುಚ್ಚುವ ಬೂಟು, ಒಂದು ಜೊತೆ ಒಣ ಕಾಲುಚೀಲ ಬೇಕು. ಜೀನ್ಸ್ ಬೇಡವೇ ಬೇಡ: ನೆನೆದ ಹತ್ತಿಬಟ್ಟೆ ಬೇಗ ಒಣಗದೆ, ಗಾಳಿಗೆ ಮೈಕಾವನ್ನೇ ಕದಿಯುತ್ತದೆ.

ಮಂಜು ಕವಿದರೆ ಅಗಲವಾದ ನೆತ್ತಿಯಲ್ಲಿ ಎಲ್ಲ ದಿಕ್ಕೂ ಒಂದೇ. ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಇಳಿಯುವುದರಿಂದ ಈ ಪ್ರದೇಶದ ಮುದ್ರಿತ ನಕ್ಷೆ (ಬ್ರಿಟನ್ನಿನ ಸರ್ವೇ ಸಂಸ್ಥೆಯ ಲ್ಯಾಂಡ್‌ರೇಂಜರ್ 135), ದಿಕ್ಸೂಚಿ ಎರಡೂ ಇರಲಿ. ದಾರಿ ತಪ್ಪಿ ಸಿಕ್ಕಿಕೊಂಡರೆ ನಿಮಿಷದಲ್ಲಿ ಆರು ಸೀಟಿ, ಒಂದು ನಿಮಿಷ ಬಿಡುವು, ಮತ್ತೆ ಆರು. ಫೋನ್ ಸಿಗ್ನಲ್ ಸಿಕ್ಕರೆ ಅಲ್ಲಿನ ತುರ್ತು ಸಂಖ್ಯೆ 999: ಪೊಲೀಸರನ್ನು ಕೇಳಿ, ಮೌಂಟನ್ ರೆಸ್ಕ್ಯೂ (ಬೆಟ್ಟದ ರಕ್ಷಣಾ ತಂಡ) ಬೇಕೆನ್ನಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ.

ತುದಿಯಲ್ಲಿ ಪುರಾತನ ಕಲ್ಲುಗುಪ್ಪೆಗಳಿವೆ. ಸೆವರ್ನ್, ವೈ ನದಿಗಳು ಹುಟ್ಟುವುದು ಇದೇ ಬೆಟ್ಟದಲ್ಲಿ. ಬೇರೆಬೇರೆ ದಾರಿ ಹಿಡಿದು ಕೊನೆಗೆ ಚೆಪ್‌ಸ್ಟೋ ಬಳಿ ಕೂಡುತ್ತವೆ.